ನಾಲ್ಕು ಪಾರ್ಕು, ಎರಡು ದಿನ, ಒಂದು ರಾಕೆಟ್

ಮನೆಯಲ್ಲಿ ಪ್ರವಾಸದ ಮಾತು ಬಂತೆಂದರೆ ಮಕ್ಕಳು ಕೇಳುವ ಪ್ರಶ್ನೆ ‘ಎಲ್ಲಿಗೆ?’ ತಂದೆ ಕೇಳುವ ಪ್ರಶ್ನೆ ‘ಎಷ್ಟು ಖರ್ಚು?’ ತಾಯಿ ಕೇಳುವ ಪ್ರಶ್ನೆ ‘ಯಾರ ಯಾರ ಜೊತೆ?’ ನಾಲ್ಕನೆಯ ಪ್ರಶ್ನೆಯೊಂದಿದೆ, ‘ಎಷ್ಟು ದಿನ?’ ಅದನ್ನು ಮಾತ್ರ ಯಾರೂ ಕೂತು ವಿಚಾರ ಮಾಡುವುದಿಲ್ಲ. ರಜೆ ಎಷ್ಟಿದೆಯೋ ಅಷ್ಟು ದಿನ ಎಂದುಕೊಂಡು ಹೊರಟುಬಿಡುತ್ತೇವೆ. ಹಂಪಿಗೋ ಬಾದಾಮಿಗೋ ಹೋದಾಗ ಇದರಿಂದ ದೊಡ್ಡ ನಷ್ಟವೇನೂ ಆಗದು. ಆದರೆ ಒಳಗೆ ಹೋಗುವುದಕ್ಕೇ ದಿನವೊಂದಕ್ಕೆ ತಲೆಗೆ ಹತ್ತು ಸಾವಿರ ರೂಪಾಯಿಗೂ ಹೆಚ್ಚು ತೆರಬೇಕಾದ ಜಾಗವಾದರೆ?

ಅಂಥ ಜಾಗವೊಂದನ್ನು 2025ರ ಮೇ ತಿಂಗಳಲ್ಲಿ ನೋಡಿ ಬಂದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಓರ್ಲ್ಯಾಂಡೋ ನಗರದ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್. ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಬೇಸಿಗೆ ರಜೆಯಲ್ಲಿ ಹೋಗಿದ್ದೆವು. ಅಲ್ಲಿಂದ ಓರ್ಲ್ಯಾಂಡೋಕ್ಕೆ ಸುಮಾರು 700 ಕಿಲೋಮೀಟರ್ ಕಾರಿನ ಹಾದಿ. ಹೊರಡುವ ಮುನ್ನ ಎಂಟು ದಿನ ಮನೆಯಲ್ಲಿ ನಡೆದ ಚರ್ಚೆ ಒಂದೇ: ಅಲ್ಲಿ ಎಷ್ಟು ದಿನ ಇರಬೇಕು? ವಿಜ್ಞಾನದ ಮೇಷ್ಟರಿಗೆ ಲೆಕ್ಕ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ದಿನ ಎಲ್ಲಿಂದ ಬಂತು?

ಡಿಸ್ನಿ ಎಂದರೆ ಒಂದು ಪಾರ್ಕು ಎಂದು ನಮ್ಮಲ್ಲಿ ಅನೇಕರ ಕಲ್ಪನೆ. ವಾಲ್ಟ್ ಡಿಸ್ನಿ ಮೊದಲು ಕಟ್ಟಿದ್ದು ಹಾಗೆಯೇ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್ ಊರಿನಲ್ಲಿ ಡಿಸ್ನಿಲ್ಯಾಂಡ್ ಶುರುವಾಯಿತು. ಜಮೀನು 160 ಎಕರೆ. ಪಾರ್ಕಿಗೆ ಜನ ಬಂದಂತೆ ಅದರ ಸುತ್ತ ಪರರ ಹೋಟೆಲು, ಅಂಗಡಿಗಳು ಎದ್ದವು. ಮುಂದಿನ ಸಲ ಕಟ್ಟುವಾಗ ಜಾಗಕ್ಕೆ ಕೊರತೆಯಾಗಬಾರದೆಂದು ಡಿಸ್ನಿ ನಿಶ್ಚಯಿಸಿದ. 1960ರ ದಶಕದಲ್ಲಿ ಫ್ಲಾರಿಡಾದ ಜವುಗು ಭೂಮಿಯನ್ನು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸದ್ದಿಲ್ಲದೆ ಕೊಳ್ಳಲಾಯಿತು. ಇಂದು ಅದರ ವಿಸ್ತೀರ್ಣ ಸುಮಾರು 25,000 ಎಕರೆ, ಅಂದರೆ ನೂರು ಚದರ ಕಿಲೋಮೀಟರ್. ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಅರ್ಧದಷ್ಟು ಎಂದು ತಿಳಿಯಿರಿ!

ಅದನ್ನು ನೋಡಲು ವಾಲ್ಟ್ ಡಿಸ್ನಿ ಉಳಿಯಲಿಲ್ಲ. 1966ರ ಡಿಸೆಂಬರ್‌ನಲ್ಲಿ ತೀರಿಕೊಂಡ. ನಿವೃತ್ತಿಯನ್ನು ಮುಂದೂಡಿದ ಅಣ್ಣ ರಾಯ್ ಡಿಸ್ನಿ ತಮ್ಮನ ಕನಸನ್ನು ಪೂರೈಸಿ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ. ಅದೇ ಡಿಸೆಂಬರ್‌ನಲ್ಲಿ ಅವನೂ ಹೋದ.

1971ರಲ್ಲಿ ಅಲ್ಲಿದ್ದದ್ದು ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಪಾರ್ಕು. ಆಗ ‘ಎಷ್ಟು ದಿನ’ ಎಂಬ ಪ್ರಶ್ನೆಗೆ ಉತ್ತರ ಸುಲಭ. 1982ರಲ್ಲಿ ಎಪ್ಕಾಟ್ ಬಂತು. 1989ರಲ್ಲಿ ಸಿನಿಮಾ ಜಗತ್ತಿನ ಪಾರ್ಕು ಬಂತು. ಅದರ ಈಗಿನ ಹೆಸರು ಹಾಲಿವುಡ್ ಸ್ಟುಡಿಯೋಸ್. 1998ರಲ್ಲಿ ಪ್ರಾಣಿಗಳ ಪಾರ್ಕು ಅನಿಮಲ್ ಕಿಂಗ್‌ಡಮ್. ಒಂದೊಂದು ಪಾರ್ಕು ಹೆಚ್ಚಿದಾಗಲೂ ಪ್ರವಾಸಿ ಅಲ್ಲಿ ತಂಗುವ ರಾತ್ರಿಯೂ ಒಂದೊಂದು ಹೆಚ್ಚಿತು. ಪಾರ್ಕು ನಾಲ್ಕು, ಆದ್ದರಿಂದ ದಿನ ನಾಲ್ಕು ಎಂದು ಎಲ್ಲರೂ ಹೇಳುವುದು ಹೀಗೆ ಹುಟ್ಟಿದ ಲೆಕ್ಕ. ನೋಡುವವರ ಕಣ್ಣು, ಕಾಲು, ಜೇಬುಗಳನ್ನು ಕೇಳಿ ಮಾಡಿದ ಲೆಕ್ಕ ಅದಲ್ಲ ಎಂಬುದು ಆಗಲೇ ನನ್ನ ಮನಸ್ಸಿಗೆ ಬಂತು.

ಸರಾಸರಿಯ ಮಾಯೆ

ನಮ್ಮ ಅಳಿಯನಿಗೆ ಸಿಕ್ಕಿದ್ದು ಮೂರು ದಿನದ ರಜೆ. ಶನಿವಾರ, ಭಾನುವಾರ ಸೇರಿ ಐದು ದಿನ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು ಬಿಟ್ಟರೆ ಕೈಯಲ್ಲಿ ಉಳಿಯುವುದು ಮೂರು. ‘ಇನ್ನೊಂದು ರಜೆ ಹಾಕಿ ನಾಲ್ಕು ದಿನ ಮಾಡೋಣ’ ಎಂದು ಮಗಳ ವಾದ. ಅದಕ್ಕೆ ಆಕೆ ಕೊಟ್ಟ ಆಧಾರವೂ ಬಲವಾಗಿಯೇ ಇತ್ತು. ಅಲ್ಲಿ ಹೆಚ್ಚು ದಿನದ ಟಿಕೆಟ್ ಕೊಂಡಷ್ಟೂ ದಿನವೊಂದಕ್ಕೆ ಬೀಳುವ ದರ ಇಳಿಯುತ್ತದೆ. ಒಂದೇ ದಿನದ ಟಿಕೆಟ್ ನೂರು ಡಾಲರಿಗೂ ಮಿಗಿಲು. ನಾಲ್ಕು ದಿನದ್ದು ಕೊಂಡರೆ ದಿನದ ಲೆಕ್ಕಕ್ಕೆ ಅಗ್ಗ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಹೀಗೆ ಭಾವಿಸೋಣ: ಒಂದು ದಿನಕ್ಕೆ 100 ರೂಪಾಯಿ, ಎರಡು ದಿನಕ್ಕೆ 190, ಮೂರಕ್ಕೆ 270, ನಾಲ್ಕಕ್ಕೆ 330. ನಾಲ್ಕು ದಿನದ ಸರಾಸರಿ 82 ರೂಪಾಯಿ 50 ಪೈಸೆ. ಅಗ್ಗವಾಯಿತು, ನಿಜ. ಆದರೆ ಜೇಬಿನಿಂದ ಹೋದದ್ದು ಸರಾಸರಿಯಲ್ಲ, ಮೊತ್ತ. ಮೂರು ದಿನ ಸಾಕೆನ್ನುವವನ ಬಳಿ 60 ರೂಪಾಯಿ ಉಳಿದಿದೆ. ಅದೂ ಅಲ್ಲದೆ ನಾಲ್ಕನೆಯ ದಿನದ ಟಿಕೆಟ್‌ಗೆ ರಿಯಾಯಿತಿ ಉಂಟೇ ಹೊರತು ನಾಲ್ಕನೆಯ ರಾತ್ರಿಯ ಹೋಟೆಲಿಗೆ ಇಲ್ಲ, ಊಟಕ್ಕಿಲ್ಲ, ಕಾರು ನಿಲ್ಲಿಸುವ ಶುಲ್ಕಕ್ಕಿಲ್ಲ, ಕಚೇರಿಯ ರಜೆಗಂತೂ ಇಲ್ಲವೇ ಇಲ್ಲ. ಮೂರು ವರ್ಷ ತುಂಬಿದ ಮಗುವಿಗೂ ಟಿಕೆಟ್ ಬೇಕು, ಹತ್ತು ತುಂಬಿದರೆ ದೊಡ್ಡವರ ದರ. ನಾವು ಆರು ಮಂದಿ.

‘ಎರಡು ಕೊಂಡರೆ ಒಂದು ಉಚಿತ’ ಎಂಬ ಫಲಕ ನೋಡಿ ಬೇಡದ ಮೂರು ಅಂಗಿ ಮನೆಗೆ ತರುವವರನ್ನು ನೋಡಿದ್ದೇವಲ್ಲ? ಹಾಗೆಯೇ ಇದು.

ತೊಟ್ಟಿ ಮತ್ತು ನಲ್ಲಿ

ಇನ್ನು ಒಂದು ದಿನದಲ್ಲಿ ಏನೇನು ನೋಡಬಹುದು? ಪಾರ್ಕು ಬೆಳಿಗ್ಗೆ 9ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚಿತೆನ್ನಿ. ಹನ್ನೆರಡು ಗಂಟೆ. ಊಟ, ತಿಂಡಿ, ಶೌಚ, ಕೂತು ದಣಿವಾರಿಸಿಕೊಳ್ಳುವುದಕ್ಕೆ ಮೂರು ಗಂಟೆ. ಮೆರವಣಿಗೆ, ಬಾಣಬಿರುಸು ನೋಡಲು ಒಂದು ಗಂಟೆ. ಉಳಿದದ್ದು ಎಂಟು. ಒಂದು ಆಟಕ್ಕೆ ಸಾಲಿನಲ್ಲಿ 45 ನಿಮಿಷ, ಆಟ 5 ನಿಮಿಷ, ಮುಂದಿನ ಆಟಕ್ಕೆ ನಡಿಗೆ 10 ನಿಮಿಷ. ಅಂದರೆ ಗಂಟೆಗೊಂದು, ದಿನಕ್ಕೆ ಎಂಟು. ಎಂಟು ಆಟದ ಒಟ್ಟು ಸಮಯ ಬರೀ 40 ನಿಮಿಷ! ಹನ್ನೆರಡು ಗಂಟೆ ಒಳಗಿದ್ದು ನಲವತ್ತು ನಿಮಿಷ ಆಡುತ್ತೇವೆ. ಮ್ಯಾಜಿಕ್ ಕಿಂಗ್‌ಡಮ್ ಒಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಆಟಗಳಿವೆ. ಈ ಲೆಕ್ಕದಲ್ಲಿ ಆ ಒಂದು ಪಾರ್ಕನ್ನೇ ‘ಪೂರ್ತಿ’ ನೋಡಲು ಮೂರು ದಿನ ಬೇಕು. ನಾಲ್ಕು ದಿನದಲ್ಲಿ ನಾಲ್ಕು ಪಾರ್ಕು ನೋಡಿದವರೂ ಎಲ್ಲವನ್ನೂ ನೋಡಿರುವುದಿಲ್ಲ.

ಸಾಲು ಏಕೆ ಅಷ್ಟು ಉದ್ದ? ಹೈಸ್ಕೂಲಿನ ತೊಟ್ಟಿ–ನಲ್ಲಿ ಲೆಕ್ಕವನ್ನು ಜ್ಞಾಪಿಸಿಕೊಳ್ಳಿ. ಒಂದು ನಲ್ಲಿ ತೊಟ್ಟಿಗೆ ನೀರು ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಒಂದು ಆಟದ ಯಂತ್ರ ಗಂಟೆಗೆ 1,000 ಮಂದಿಯನ್ನು ಕೂರಿಸಿ ಇಳಿಸಬಲ್ಲದು ಎನ್ನೋಣ. ಗಂಟೆಗೆ 1,500 ಮಂದಿ ಬಂದು ಸೇರುತ್ತಿದ್ದಾರೆ. ಎರಡು ಗಂಟೆಯಲ್ಲಿ ಸಾಲಿನಲ್ಲಿ ಉಳಿಯುವವರು 1,000. ಆಗ ಬಂದು ನಿಂತವನು ಒಂದು ಗಂಟೆ ಕಾಯಬೇಕು. ಬಾಗಿಲು ತೆರೆದ ಗಳಿಗೆಯಲ್ಲಿ ತೊಟ್ಟಿ ಖಾಲಿ ಇರುತ್ತದೆ. ಆಗ ಬಂದವನಿಗೆ ಕಾಯುವಿಕೆಯೇ ಇಲ್ಲ. ಬೆಳಗಿನ ಮೊದಲ ಒಂದೂವರೆ ಗಂಟೆಯಲ್ಲಿ ಮೂರು ಆಟ ಮುಗಿಸಬಹುದು. ಮಧ್ಯಾಹ್ನ ಅಷ್ಟೇ ಹೊತ್ತಿನಲ್ಲಿ ಒಂದು. ಆದುದರಿಂದ ‘ಎಷ್ಟು ದಿನ’ ಎನ್ನುವುದಕ್ಕಿಂತ ‘ಎಷ್ಟು ಬೆಳಗು’ ಎಂದು ಎಣಿಸುವುದು ಜಾಣತನ. ಹಾಗೆಯೇ ವಾರಾಂತ್ಯಕ್ಕಿಂತ ವಾರದ ನಡುವಿನ ದಿನ ಮೇಲು.

ಸಾಲು ತಪ್ಪಿಸುವ ಚೀಟಿಗಳೂ ಉಂಟು. 1999ರಲ್ಲಿ ಶುರುವಾದ ಇಂಥ ಏರ್ಪಾಟು ಮೊದಲು ಉಚಿತವಾಗಿತ್ತು. 2021ರಿಂದ ಅದಕ್ಕೆ ಪ್ರತ್ಯೇಕ ಹಣ ಕೊಡಬೇಕು. ಆದರೆ ಹಣ ಕೊಟ್ಟ ಮಾತ್ರಕ್ಕೆ ಖಾಲಿ ಮಾಡುವ ನಲ್ಲಿ ದೊಡ್ಡದಾಗುವುದಿಲ್ಲ. ಗಂಟೆಗೆ ಹೋಗುವವರು ಅದೇ ಒಂದು ಸಾವಿರ. ಯಾರು ಮೊದಲು ಎಂಬುದಷ್ಟೇ ಬದಲಾಗುತ್ತದೆ. ಕೆಲವರು ಬೇಗ ಹೋದಷ್ಟೂ ಉಳಿದವರು ಹೆಚ್ಚು ನಿಲ್ಲುತ್ತಾರೆ. ದರ್ಶನದ ವಿಶೇಷ ಸಾಲು ಕಂಡ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದೇಹವೂ ಒಂದು ಗಡಿಯಾರ

ಓರ್ಲ್ಯಾಂಡೋ ಇರುವುದು 28½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ನಮ್ಮ ದೆಹಲಿಯ ನೇರದಲ್ಲಿ. ಆದರೆ ಹವೆ ಮಾತ್ರ ಮಂಗಳೂರಿನದು. ಪರ್ಯಾಯ ದ್ವೀಪವಾದ್ದರಿಂದ ಎರಡೂ ಕಡೆ ಸಮುದ್ರ. ಬೇಸಿಗೆಯ ಮಧ್ಯಾಹ್ನ ಎರಡೂ ತೀರದಿಂದ ತೇವದ ಗಾಳಿ ಒಳನಾಡಿಗೆ ನುಗ್ಗಿ, ಎದುರಾಗಿ, ಮೇಲೆದ್ದು ಗುಡುಗು ಮಳೆ ಸುರಿಸುತ್ತದೆ. ಮಿಂಚು ಹತ್ತಿರ ಬಂತೆಂದರೆ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ದಿನವೇ ನನ್ನ ಕಾಲು 21,000 ಹೆಜ್ಜೆ ಹಾಕಿತ್ತು. ಸೆಕೆಯಲ್ಲಿ ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಗಾಳಿಯಲ್ಲಿ ಆಗಲೇ ತೇವವಿದ್ದರೆ ಬೆವರು ಆರುವುದಿಲ್ಲ. ಇದು ಎಂಟನೆಯ ತರಗತಿಯ ಪಾಠ. ಇನ್ನೊಂದು ಪಾಠ ಒಳಕಿವಿಯದು. ಅಲ್ಲಿರುವ ಮೂರು ಅರೆವರ್ತುಲ ನಾಳಗಳಲ್ಲಿ ದ್ರವವಿದೆ. ನಾವು ತಿರುಗಿದಾಗ ಆ ದ್ರವ ಹೊಯ್ದಾಡಿ ‘ತಿರುಗುತ್ತಿದ್ದೇವೆ’ ಎಂದು ಮೆದುಳಿಗೆ ತಿಳಿಸುತ್ತದೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಹೊಟ್ಟೆ ತೊಳಸುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ. ಇಂಥ ಆಟಗಳನ್ನು ಮೂರು ದಿನ ಎಡೆಬಿಡದೆ ಆಡಿದರೆ ನಾಲ್ಕನೆಯ ದಿನ ಮಕ್ಕಳು ಅಳುತ್ತಾರೆ, ದೊಡ್ಡವರು ಜಗಳವಾಡುತ್ತಾರೆ. ಅದಕ್ಕೆ ಹತ್ತು ಸಾವಿರ ರೂಪಾಯಿ ಏಕೆ?

ಎತ್ತರದ ನಿಯಮ ಇನ್ನೊಂದು. ರಭಸದ ಆಟಗಳಿಗೆ ಇಷ್ಟು ಎತ್ತರ ಇರಲೇಬೇಕೆಂಬ ಕಟ್ಟಳೆಯಿದೆ. ಕತ್ತಲಲ್ಲಿ ಓಡುವ ಸ್ಪೇಸ್ ಮೌಂಟನ್ ರೈಲಿಗೆ 44 ಅಂಗುಲ, ಅಂದರೆ 112 ಸೆಂಟಿಮೀಟರ್. ಎಂಟು ವರ್ಷದ ಮೊಮ್ಮಗಳು ಅದಕ್ಕೆ ಅರ್ಹಳು. ನಾಲ್ಕೂವರೆ ವರ್ಷದ ಮೊಮ್ಮಗ 102 ಸೆಂಟಿಮೀಟರ್, ಅವನಿಗೆ ಪ್ರವೇಶವಿಲ್ಲ. ಹೊರಡುವ ಮುನ್ನವೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದು ಹೇಳಿದ್ದರಿಂದ ಅಲ್ಲಿ ಹೋಗಿ ಅಳುವ ಪ್ರಸಂಗ ತಪ್ಪಿತು.

ಹದಿನೈದು ಆಸೆಗಳ ಪಟ್ಟಿ

ಇಷ್ಟೆಲ್ಲ ಹೇಳಿದರೂ ಮಗಳು ನಾಲ್ಕು ದಿನದ ಹಟ ಬಿಡಲಿಲ್ಲ. ಒಂದು ಸಂಜೆ ಪಾತ್ರೆ ತೊಳೆಯುತ್ತ ಆಕೆ ಮೆಲ್ಲಗೆ ಅಂದಳು: ‘ಅಪ್ಪಾ, ನೀವು ಮತ್ತ ಯಾವಾಗ ಬರ್ತೀರೋ ಏನೋ. ಅದಕ್ಕ ಎಲ್ಲಾ ತೋರಿಸಿಬಿಡಬೇಕು ಅಂತ ನನಗ.’

ಆಗ ತಿಳಿಯಿತು, ಆಕೆ ಎಣಿಸುತ್ತಿದ್ದುದು ಪಾರ್ಕುಗಳನ್ನಲ್ಲ ಎಂದು. ದೂರದಲ್ಲಿ ಮಕ್ಕಳಿರುವ ಎಷ್ಟು ಮನೆಗಳಲ್ಲಿ ಈ ಲೆಕ್ಕ ನಡೆಯುತ್ತಿಲ್ಲ! ವರ್ಷಕ್ಕೆ ಇಷ್ಟೇ ರಜೆ, ವಿಮಾನದ ದರ ಇಷ್ಟು, ತಂದೆತಾಯಿಯ ಮೊಣಕಾಲು ಇನ್ನೆಷ್ಟು ವರ್ಷ? ಇದ್ದ ದಿನಗಳಲ್ಲಿ ಎಲ್ಲವನ್ನೂ ತುರುಕಿ ತೋರಿಸಿಬಿಡುವ ಆತುರ ಅಲ್ಲಿಂದ ಬರುತ್ತದೆ. ಅದಕ್ಕೆ ತೊಟ್ಟಿ–ನಲ್ಲಿಯ ಲೆಕ್ಕದಿಂದ ಉತ್ತರ ಕೊಡಲಾಗದು.

ಆದ್ದರಿಂದ ಬೇರೆ ಉಪಾಯ ಮಾಡಿದೆ. ಆರು ಚೀಟಿ ಮಾಡಿ ಎಲ್ಲರಿಗೂ ಕೊಟ್ಟೆ. ‘ಯಾವುದು ನೋಡದೆ ಬಂದರೆ ನಿಮಗೆ ನಿಜವಾಗಿ ಬೇಜಾರಾಗುತ್ತದೆಯೋ ಅದನ್ನು ಮಾತ್ರ ಬರೆಯಿರಿ. ಮೂರಕ್ಕಿಂತ ಹೆಚ್ಚು ಬೇಡ.’

ಮೊಮ್ಮಗ ಹೇಳಿ ಬರೆಸಿದ್ದು ಒಂದೇ: ಮಿಕ್ಕಿ ಮೌಸ್. ಮೊಮ್ಮಗಳು ಮೂರು ಬರೆದಳು: ಸಿಂಡರೆಲಾಳ ಕೋಟೆ, ಏಳು ಕುಳ್ಳರ ಗಣಿಯ ರೈಲು, ಆಫ್ರಿಕಾದ ಆನೆ. ಅಳಿಯ: ಸ್ಪೇಸ್ ಮೌಂಟನ್, ಹಾಲಿವುಡ್ ಸ್ಟುಡಿಯೋಸ್‌ನ ‘ಸ್ಟಾರ್ ವಾರ್ಸ್’ ಭಾಗ, ಒಂದು ದಿನ ಒಂಬತ್ತರವರೆಗೆ ನಿದ್ದೆ! ನನ್ನಾಕೆ: ಬಾಣಬಿರುಸು, ‘ಕೂತು ನೋಡುವಂಥದ್ದು ಏನಾದರೂ’. ಮಗಳು: ಬಾಣಬಿರುಸು, ಕೋಟೆಯ ಮುಂದೆ ಎಲ್ಲರೂ ಕೂಡಿ ಒಂದು ಫೋಟೋ, ‘ನಿಮ್ಮ ಜೊತೆ ಇರೋದು’. ನಾನು: ಎಪ್ಕಾಟಿನ ಗೋಳ, ಅಲ್ಲಿಯ ಮಣ್ಣಿಲ್ಲದ ಬೇಸಾಯ, ಒಂದು ರಾಕೆಟ್.

ರಾಕೆಟ್ ಡಿಸ್ನಿಯಲ್ಲಿಲ್ಲ. ಆದರೆ ಅಲ್ಲಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಸಮುದ್ರದ ದಡದಲ್ಲಿ ಕೆನಡಿ ಬಾಹ್ಯಾಕಾಶ ಕೇಂದ್ರವಿದೆ. ವಿಜ್ಞಾನದ ಮೇಷ್ಟರು ಅಲ್ಲಿಯವರೆಗೆ ಹೋಗಿ ಅದನ್ನು ಬಿಟ್ಟು ಬರುವುದುಂಟೇ?

ಒಟ್ಟು ಹದಿನೈದು ಆಸೆ. ಮೇಜಿನ ಮೇಲೆ ವಿಂಗಡಿಸಿದೆವು. ಏಳು ಮ್ಯಾಜಿಕ್ ಕಿಂಗ್‌ಡಮ್‌ನವು. ನನ್ನಾಕೆಯ ‘ಕೂತು ನೋಡುವಂಥದ್ದ’ನ್ನೂ ಸೇರಿಸಿ ಮೂರು ಎಪ್ಕಾಟಿನವು. ಕೆನಡಿ ಕೇಂದ್ರ ಒಂದು. ಎರಡಕ್ಕೆ ಟಿಕೆಟ್ಟೇ ಬೇಕಿಲ್ಲ. ಉಳಿದದ್ದು ಎರಡೇ, ‘ಸ್ಟಾರ್ ವಾರ್ಸ್’ ಮತ್ತು ಆನೆ. ಎರಡಕ್ಕಾಗಿ ಎರಡು ಪಾರ್ಕು, ಎರಡು ದಿನ! ಅಳಿಯ ನಕ್ಕು, ‘ನಂದು ಮುಂದಿನ ಸಲ ಇರಲಿ ಬಿಡ್ರಿ ಮಾವಾರ’ ಎಂದ.

ಮೊಮ್ಮಗಳು ಮಾತ್ರ ಅಷ್ಟು ಸುಲಭವಾಗಿ ಬಿಡಲಿಲ್ಲ. ‘ನೀನು ಊರಿಗೆ ಬಂದಾಗ ಶಿವಮೊಗ್ಗದ ಹತ್ತಿರ ಸಕ್ರೆಬೈಲಿಗೆ ಕರಕೊಂಡು ಹೋಗತೀನಿ. ತುಂಗಾ ಹೊಳ್ಯಾಗ ಆನಿ ಮೈ ತೊಳಸ್ಕೊಳ್ಳೋದು ನೋಡೀಯಂತ’ ಎಂದೆ. ‘ಅದು ಏಷ್ಯಾದ ಆನಿ ಅಜ್ಜಾ. ಇದು ಆಫ್ರಿಕಾದ್ದು. ಕಿವಿ ದೊಡ್ಡದು’ ಎಂದಳು. ಮೇಷ್ಟರಿಗೆ ಉತ್ತರವಿರಲಿಲ್ಲ. ಅರ್ಧ ದಿನ ಮುನಿಸಿಕೊಂಡೇ ಇದ್ದಳು. ಕೊನೆಗೆ ರಾಕೆಟ್ ಒಳಗೆ ನಿಜವಾಗಿ ಚಂದ್ರನ ಕಲ್ಲು ಬಂದಿತ್ತೇ ಎಂದು ವಿಚಾರಿಸಿ, ಬಂದಿತ್ತು ಎಂದ ಮೇಲೆ ಒಪ್ಪಿದಳು.

ತೀರ್ಮಾನ ಹೀಗಾಯಿತು: ಡಿಸ್ನಿಗೆ ಎರಡು ದಿನ, ಕೆನಡಿ ಕೇಂದ್ರಕ್ಕೆ ಒಂದು. ಹೆಚ್ಚುವರಿ ರಜೆ ಬೇಡ.

ಬಸ್ಸಿಗಿಂತ ನಿಧಾನದ ರೈಲು

ಗುರುವಾರ ಮ್ಯಾಜಿಕ್ ಕಿಂಗ್‌ಡಮ್. ಬಾಗಿಲು ತೆರೆಯುವ ಮುನ್ನವೇ ಹೋಗಿ ನಿಂತೆವು. ಕೋಟೆಯ ಎತ್ತರ 189 ಅಡಿ. ಆದರೆ ಕಣ್ಣಿಗೆ ಇನ್ನೂ ಎತ್ತರ ಕಾಣುತ್ತದೆ. ಮೇಲೆ ಹೋದಂತೆ ಕಿಟಕಿ, ಕಲ್ಲು, ಗೋಪುರಗಳನ್ನು ಚಿಕ್ಕದು ಮಾಡುತ್ತ ಹೋಗಿದ್ದಾರೆ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆಂಬ ನಮ್ಮ ಅಭ್ಯಾಸವನ್ನೇ ಬಳಸಿ ಕಣ್ಣನ್ನು ಏಮಾರಿಸುವ ಉಪಾಯ ಅದು.

ಸ್ಪೇಸ್ ಮೌಂಟನ್ 1975ರಿಂದ ಓಡುತ್ತಿದೆ. ಅಳಿಯ, ಮೊಮ್ಮಗಳು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡು ಬಂದರು. ‘ಎಷ್ಟು ಜೋರು ಹೋಗಿರಬಹುದು?’ ಎಂದು ಕೇಳಿದೆ. ‘ನೂರು!’ ಎಂದಳು ಹುಡುಗಿ. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ನಮ್ಮ ಹುಬ್ಬಳ್ಳಿ–ಧಾರವಾಡ ಬಸ್ಸು ಅದಕ್ಕಿಂತ ಜೋರಾಗಿ ಓಡುತ್ತದೆ! ಕತ್ತಲಲ್ಲಿ ಮುಂದಿನ ತಿರುವು ಕಾಣದ್ದರಿಂದ ದೇಹ ಮೊದಲೇ ಸಿದ್ಧವಾಗುವುದಿಲ್ಲ. ಆದ್ದರಿಂದ ವೇಗ ಹೆಚ್ಚೆನಿಸುತ್ತದೆ.

ಕಾಲಡಿಯಲ್ಲಿ ಇನ್ನೊಂದು ಲೋಕವಿದೆ. ನೌಕರರು ಓಡಾಡಲು, ಸಾಮಾನು ಸಾಗಿಸಲು ಸುರಂಗದ ದಾರಿಗಳು. ಅಲ್ಲಿ ನೆಲ ಅಗೆದರೆ ನೀರು ಬರುತ್ತದೆ. ಆದ್ದರಿಂದ ಸುರಂಗವನ್ನು ನೆಲದ ಮಟ್ಟದಲ್ಲೇ ಕಟ್ಟಿ, ಪಕ್ಕದಲ್ಲಿ ಕೆರೆ ತೋಡಿದ ಮಣ್ಣನ್ನು ಸುತ್ತ ತುಂಬಿ, ಪಾರ್ಕನ್ನು ಅದರ ಮೇಲೆ ಕೂರಿಸಿದ್ದಾರೆ. ಪ್ರವಾಸಿಗರು ನಡೆಯುವುದು ನಿಜವಾಗಿ ಮೇಲಂತಸ್ತಿನಲ್ಲಿ. ಕಸವನ್ನೂ ಕೊಳವೆಗಳ ಮೂಲಕ ಗಾಳಿಯ ಸೆಳೆತದಿಂದ ಒಂದೆಡೆಗೆ ಸಾಗಿಸುವ ವ್ಯವಸ್ಥೆಯಿದೆ.

ಮಧ್ಯಾಹ್ನ ಎರಡಕ್ಕೆ, ತೊಟ್ಟಿ ತುಂಬಿ ತುಳುಕುವ ಹೊತ್ತಿಗೆ, ನಾವು ಹೋಟೆಲಿಗೆ ಮರಳಿ ಮಲಗಿದೆವು. ಸಂಜೆ ಆರಕ್ಕೆ ಮತ್ತೆ ಹೋದೆವು. ರಾತ್ರಿ ಕೋಟೆಯ ಮೇಲೆ ಬಾಣಬಿರುಸು ಅರಳಿದಾಗ ಮೊಮ್ಮಗ ಎಚ್ಚರವಾಗಿದ್ದ. ಸುತ್ತಮುತ್ತ ಅವನ ವಯಸ್ಸಿನ ಅನೇಕ ಮಕ್ಕಳು ಅಪ್ಪಂದಿರ ಹೆಗಲ ಮೇಲೆ ನಿದ್ದೆ ಹೋಗಿದ್ದವು.

ಶುಕ್ರವಾರ ಎಪ್ಕಾಟ್. ಬೆಳ್ಳಿಯ ಬಣ್ಣದ ಆ ಗೋಳದ ವ್ಯಾಸ 165 ಅಡಿ, ವಿಜಾಪುರದ ಗೋಳಗುಮ್ಮಟದ ಗುಮ್ಮಟಕ್ಕಿಂತ ಸ್ವಲ್ಪ ಹೆಚ್ಚು. ಮೈತುಂಬ 11,324 ತ್ರಿಕೋನದ ಫಲಕಗಳು. ಮಳೆ ಬಂದರೆ ಗೋಳದ ಮೇಲಿನಿಂದ ಕೆಳಗೆ ನಿಂತವರ ತಲೆಗೆ ನೀರು ಸುರಿಯಬೇಕಲ್ಲ? ಸುರಿಯದು. ಫಲಕಗಳ ಸಂದಿಯಲ್ಲಿ ಇಳಿದ ನೀರು ಒಳಗಿನ ಕಾಲುವೆಗಳಿಂದ ಹತ್ತಿರದ ಕೆರೆಗೆ ಹೋಗುತ್ತದೆ. ಛಾವಣಿ ನೀರಿನ ಸಂಗ್ರಹ ಕಲಿಸುವ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ದೋಣಿಯಲ್ಲಿ ಕೂತು ಹಸಿರುಮನೆಗಳ ನಡುವೆ ಸಾಗುವ ಸವಾರಿ ನನ್ನಾಕೆಗೆ ಹಿಡಿಸಿತು. ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲೇ ಬೆಳೆದ ತರಕಾರಿ. ಎಲ್ಲ ನೋಡಿ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಚಂದ ಏನೋ ಅದ. ಆದರ ಎಣಗಾಯಿ ಮಾಡಿದರ ರುಚಿ ಬರತದೇನು?’

43.21 ಡಿಗ್ರಿ

ಶನಿವಾರ ಒಂಬತ್ತರವರೆಗೆ ಅಳಿಯ ಮಲಗಿದ. ಆಮೇಲೆ ಕೆನಡಿ ಕೇಂದ್ರ.

ಇಲ್ಲಿ ಯಾವುದೂ ಪ್ಲಾಸ್ಟರಿನ ಕೋಟೆಯಲ್ಲ. ಮನುಷ್ಯನನ್ನು ಚಂದ್ರನಿಗೆ ಕಳಿಸಿದ ಜಾತಿಯ ಸ್ಯಾಟರ್ನ್–5 ರಾಕೆಟ್ ಒಂದನ್ನು ದೊಡ್ಡ ಕಟ್ಟಡದೊಳಗೆ ಅಡ್ಡಲಾಗಿ ಮಲಗಿಸಿದ್ದಾರೆ. ಉದ್ದ 363 ಅಡಿ. ಬಾಲದಿಂದ ತಲೆಯವರೆಗೆ ನಡೆಯುತ್ತ ಮೊಮ್ಮಗಳು ಹೆಜ್ಜೆ ಎಣಿಸಿದಳು. 1969ರ ಜುಲೈ 16ರಂದು ಅಪೋಲೋ–11 ಹೊರಟದ್ದು ಈ ನೆಲದಿಂದ.

‘ಅಟ್ಲಾಂಟಿಸ್’ ಬಾಹ್ಯಾಕಾಶ ನೌಕೆ ಇನ್ನೊಂದು ಕಟ್ಟಡದಲ್ಲಿದೆ. 33 ಸಲ ಮೇಲೆ ಹೋಗಿ ಬಂದು 2011ರ ಜುಲೈನಲ್ಲಿ ಕೊನೆಯ ಸಲ ಇಳಿದ ನಿಜವಾದ ನೌಕೆ. ಹಾರುತ್ತಿರುವಂತೆ ವಾಲಿಸಿ ನಿಲ್ಲಿಸಿದ್ದಾರೆ. ವಾಲಿದ ಕೋನ 43.21 ಡಿಗ್ರಿ. ನಾಲ್ಕು, ಮೂರು, ಎರಡು, ಒಂದು! ಉಡಾವಣೆಯ ಎಣಿಕೆಯೇ ಕೋನವಾಗಿದೆ. ಮೊಮ್ಮಗಳು ಅದನ್ನು ಕೈಬೆರಳಿನಿಂದ ಅಳೆಯಲು ನೋಡಿದಳು; ಕೋನಮಾಪಕ ತರಬೇಕಾಗಿತ್ತು ಎಂದಳು.

ಅದರ ಕೆಳಗೆ ಮೌನದ ಒಂದು ಕೋಣೆ. 1986ರಲ್ಲಿ ನಾಶವಾದ ‘ಚಾಲೆಂಜರ್’, 2003ರ ಫೆಬ್ರವರಿ 1ರಂದು ಮರಳುವಾಗ ಸಿಡಿದ ‘ಕೊಲಂಬಿಯಾ’, ಇವೆರಡರ ಅವಶೇಷದ ತುಂಡುಗಳು ಮತ್ತು ಹದಿನಾಲ್ಕು ಯಾತ್ರಿಗಳ ನೆನಪಿನ ವಸ್ತುಗಳು. ಅವರಲ್ಲಿ ನಮ್ಮ ಕರ್ನಾಲ್ ಊರಿನ ಕಲ್ಪನಾ ಚಾವ್ಲಾ ಒಬ್ಬರು. ತರಗತಿಯಲ್ಲಿ ಅವರ ಬಗ್ಗೆ ಎಷ್ಟೋ ವರ್ಷ ಹೇಳಿದ್ದೇನೆ. ಅಲ್ಲಿ ನಿಂತಾಗ ಹೇಳಲು ಮಾತು ಬರಲಿಲ್ಲ. ಮೊಮ್ಮಗಳೇ ಹೆಸರನ್ನು ಓದಿ ಅವಳ ತಮ್ಮನಿಗೆ ಹೇಳಿದಳು.

ನಾವು ಊರಿಗೆ ಮರಳಿದ ಮೇಲೆ, 2025ರ ಜೂನ್ 25ರಂದು, ಶುಭಾಂಶು ಶುಕ್ಲಾ ಅದೇ ಕೇಂದ್ರದಿಂದ ಅಂತರಿಕ್ಷ ನಿಲ್ದಾಣಕ್ಕೆ ಹೊರಟರು. ಅವರ ಪ್ರಯೋಗಗಳಲ್ಲಿ ಹೆಸರುಕಾಳು, ಮೆಂತ್ಯವನ್ನು ಮೊಳಕೆ ಬರಿಸುವುದೂ ಒಂದು. ಅದನ್ನು ರೂಪಿಸಿದವರು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು. ಫೋನಿನಲ್ಲಿ ಮೊಮ್ಮಗಳು ಕೇಳಿದಳು, ‘ಅಜ್ಜಾ, ನಾವು ನೋಡಿದ ಜಾಗದಿಂದ ಮೆಂತ್ಯೆ ಹೋತಂತ?’

ಉಳಿದ ಒಂದು ದಿನ

ಉಳಿಸಿದ ಆ ರಜೆಯ ದಿನವನ್ನು ಮಗಳು ನಾವು ಹೊರಡುವ ಹಿಂದಿನ ದಿನ ಬಳಸಿದಳು. ಎಲ್ಲಿಗೂ ಹೋಗಲಿಲ್ಲ. ತಾಯಿ ಮಗಳು ಸೇರಿ ರೊಟ್ಟಿ ಬಡಿದರು, ಹಳೆಯ ಫೋಟೋ ತೆಗೆದು ಕೂತರು. ಆಕೆಯ ಚೀಟಿಯಲ್ಲಿದ್ದ ಮೂರನೆಯ ಆಸೆ ತೀರಿದ್ದು ಅಂದು. ಆಫ್ರಿಕಾದ ಆನೆ ಬಾಕಿ ಇದೆ. ‘ಅದನ್ನು ನೋಡಲು ನೀವು ಮತ್ತೆ ಬರಲೇಬೇಕು’ ಎಂದು ಮೊಮ್ಮಗಳ ತಗಾದೆ ಈಗಲೂ ನಡೆದಿದೆ.

ಅಮೆರಿಕದ ಮಾತು ನಮಗೇಕೆ ಎಂದು ಪಾಲಕರು ಕೇಳಬಹುದು. ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಶಾಲೆಗಳಲ್ಲೂ ಪ್ರವಾಸದ ಮಾತು ಏಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ 2005ರಿಂದ ವಂಡರ್‌ಲಾ ಇದೆ. ಹುಡುಗರು ಅದನ್ನು ಬಿಟ್ಟರೆ ಪ್ರವಾಸವೇ ಅಲ್ಲ ಎನ್ನುತ್ತಾರೆ. ಆಟ ಬೇಡವೆನ್ನುವ ಮೇಷ್ಟರು ನಾನಲ್ಲ. ಒಂದು ಇಡೀ ದಿನ, ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಮನಸಾರೆ ಆಡಲಿ. ಮರುದಿನ ಅದೇ ರಸ್ತೆಯಲ್ಲಿ ಮುಂದೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯವಿದೆ. ಎರಡನೆಯ ದಿನ ಅವಕ್ಕಿರಲಿ.

ದುಡ್ಡು ಕಟ್ಟುವ ಮುನ್ನ ಮಕ್ಕಳ ಕೈಗೊಂದು ಚೀಟಿ ಕೊಡಿ. ಮೂರೇ ಆಸೆ ಬರೆಯಲು ಹೇಳಿ. ಪ್ರವಾಸಕ್ಕೆ ಹಣ ಕಟ್ಟಲಾಗದೆ ಸುಮ್ಮನೆ ಕೂತ ಹುಡುಗನ ಚೀಟಿಯನ್ನೂ ಓದಿ. ಒಂದು ದಿನ ಕಡಿಮೆ ಮಾಡಿದರೆ ಅವನೂ ಬಸ್ಸು ಹತ್ತಬಹುದು. ಎಷ್ಟು ದಿನ ಎಂಬ ಪ್ರಶ್ನೆಯನ್ನು ಅದಾದ ಮೇಲೆ ಎಲ್ಲರೂ ಕೂತು ಲೆಕ್ಕ ಹಾಕೋಣ.